ನಾಲ್ಕು ಕ್ರೆಡಿಟ್ಟಿನ ಆಚಾರ್ರು

ಮುಳಬಾಗಿಲಿನಲ್ಲಿ ಸಂಕರ್ಷಣಾಚಾರ್ರನ್ನು ಅರಿಯದವರು ಕಡಿಮೆ. ಗೃಹಪ್ರವೇಶ, ನಾಮಕರಣ, ಸತ್ಯನಾರಾಯಣ ಪೂಜೆ, ತಿಥಿ, ಹೊಸ ಬೋರ್‌ವೆಲ್ಲಿಗೆ ಪೂಜೆ, ಹಳೇ ಟ್ರ್ಯಾಕ್ಟರಿಗೆ ಪೂಜೆ, ಯಾವುದಕ್ಕೆ ಕರೆದರೂ ಮೊಪೆಡ್ಡಿನ ಮುಂದೆ ಚೀಲ ಇಟ್ಟುಕೊಂಡು ಹೇಳಿದ ಹೊತ್ತಿಗೆ ಬಂದು ಕೆಲಸ ಮುಗಿಸಿಕೊಟ್ಟು ಹೋಗುತ್ತಾರೆ. ಆದರೆ ಅವರನ್ನೇ ಕೇಳಿ ನೋಡಿ, ನೀವೇನು ಮಾಡುತ್ತೀರಿ ಅಂತ. "ಬೌಲಿಂಗ್ ಮಾಡ್ತೀನಿ" ಅನ್ನುತ್ತಾರೆ. ಸ್ವಲ್ಪ ತಡೆದು, "ಪೌರೋಹಿತ್ಯಾನೂ ಇದೆ" ಅನ್ನುತ್ತಾರೆ. ತಮಾಷೆಗೆ ಹೇಳಿದ್ದು ಅಂತ ಜನ ನಗುತ್ತಾರೆ. ಅವರು ತಮಾಷೆ ಮಾಡುತ್ತಿರುವುದಿಲ್ಲ.

ಇಪ್ಪತ್ತಾರು ವರ್ಷದಿಂದ ಅವರು ಕೋಟೆ ಬೀದಿ ಬಾಯ್ಸ್ ತಂಡದ ಸ್ಪಿನ್ನರು. ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ ಸ್ಪಿನ್ನರ್ ಅಂದರೆ ಯಾರಿಗೂ ಲೆಕ್ಕಕ್ಕಿಲ್ಲ, ಎಲ್ಲರಿಗೂ ಜೋರಾಗಿ ಹಾಕುವವನೇ ಬೇಕು. ಆದರೆ ಇದು ಎಂಟನೇ ವಯಸ್ಸಿನಿಂದ ದಿನಾ ಬೆಳಿಗ್ಗೆ ಸಾಣೆಕಲ್ಲಿನ ಮೇಲೆ ಗಂಧ ತೇಯ್ದ ಮಣಿಕಟ್ಟು. ಅದರಿಂದ ಹೊರಟ ಬಾಲು ನೆಲಕ್ಕೆ ಬಿದ್ದು ಒಂದು ಗೇಣು ಪಕ್ಕಕ್ಕೆ ಸರಿಯುತ್ತದೆ. ದೇವರಾಯಸಮುದ್ರದ ಕೆರೆ ಬತ್ತಿದ್ದ ಕಾಲದಲ್ಲಿ ಟೂರ್ನಮೆಂಟು ನಡೆಯುತ್ತಿದ್ದುದೇ ಕೆರೆಯಂಗಳದಲ್ಲಿ. ಬಿರುಕುಬಿಟ್ಟ ಆ ಮಣ್ಣಿನಲ್ಲಿ ಒಂದೂವರೆ ಗೇಣು. ಈಗ ಕೆರೆಯಲ್ಲಿ ನೀರು ನಿಂತಿದೆ, ಆಟ ಊರೊಳಗಿನ ಕಾಲೇಜು ಮೈದಾನಕ್ಕೆ ಬಂದಿದೆ. ನೀರು ಬಂದಿದ್ದಕ್ಕೆ ಊರೆಲ್ಲ ಸಂಭ್ರಮಪಟ್ಟಿತು. ಆಚಾರ್ರೂ ಬಾಗಿನದ ಮಂತ್ರ ಹೇಳಿಕೊಟ್ಟರು, ಹೇಳಿಕೊಟ್ಟು ಮನೆಗೆ ಬಂದು ಒಂದು ದಿನವೆಲ್ಲ ಮಂಕಾಗಿ ಕೂತಿದ್ದರು.

ಆಡುವ ದಿನ ಜುಟ್ಟನ್ನು ಟೋಪಿಯೊಳಗೆ ಸೇರಿಸಿ, ಜನಿವಾರವನ್ನು ಬನಿಯನ್ನಿಗೆ ಪಿನ್ನು ಹಾಕಿ ಕೂರಿಸಿ, ಟ್ರ್ಯಾಕ್ ಪ್ಯಾಂಟು ಏರಿಸಿ ಮೈದಾನಕ್ಕೆ ಇಳಿಯುತ್ತಾರೆ. ವಯಸ್ಸು ನಲವತ್ತನಾಲ್ಕು. ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ. ಅದು ಅವರ ತಪ್ಪಲ್ಲ, ಕಸುಬಿನ ತಪ್ಪು.

ಪ್ರತಿ ವರ್ಷ ಯುಗಾದಿಯ ಹಿಂದಿನ ಭಾನುವಾರ ಲೀಗು ಶುರು. ಹಾಗಾಗಿ ಸಂಕ್ರಾಂತಿಯ ಮಾರನೇ ದಿನದಿಂದಲೇ ಆಚಾರ್ರ ತಯಾರಿ. ಈ ವರ್ಷ ತಯಾರಿ ಇನ್ನೂ ಬಿಗಿಯಾಗಿತ್ತು, ಯಾಕೆಂದರೆ ಕಾರ್ತಿಕದಿಂದ ಬಲಭುಜ ಹಿಡಿದುಕೊಂಡಿತ್ತು. ಆರತಿ ತಟ್ಟೆ ಎತ್ತಿದರೆ ಕಿವಿಯವರೆಗೂ ನೋವು. ಡಾಕ್ಟರು ಮೂರು ತಿಂಗಳು ಕೈ ಬೀಸಬೇಡಿ ಅಂದರು. ಆಚಾರ್ರು ಡಾಕ್ಟರನ್ನೇ ಬಿಟ್ಟರು. ಸಂಧ್ಯಾವಂದನೆ ಮುಗಿಸಿ ನಲವತ್ತೆಂಟು ಸೂರ್ಯನಮಸ್ಕಾರ, ಬಿಸಿ ಎಳ್ಳೆಣ್ಣೆ, ಗೋಡೆಗೆ ಬೆರಳು ಹತ್ತಿಸಿ ಒಂದೊಂದೇ ಅಂಗುಲ ಮೇಲಕ್ಕೆ. ಆಮೇಲೆ ಹಿತ್ತಲಿನಲ್ಲಿ ಒಂದೇ ಒಂದು ಸ್ಟಂಪು ನೆಟ್ಟು, ಭಾರ ಬರಲಿ ಅಂತ ಬಕೆಟ್ಟಿನಲ್ಲಿ ನೆನೆಸಿದ ಬಾಲಿನಿಂದ ಅರವತ್ತು ಎಸೆತ. ಮೊದಲ ವಾರ ಬಾಲು ಅರ್ಧದಾರಿಯ ಬಟ್ಟೆ ಒಗೆಯುವ ಕಲ್ಲಿನವರೆಗೂ ಹೋಗಲಿಲ್ಲ. ಶಿವರಾತ್ರಿ ಹೊತ್ತಿಗೆ ಅರವತ್ತರಲ್ಲಿ ಇಪ್ಪತ್ತೆರಡು ಸ್ಟಂಪಿಗೇ ಬಡಿಯತೊಡಗಿದವು.

ಕಷ್ಟವಾಗಿದ್ದು ಬಾಯಿ ಕಟ್ಟುವುದು. ಪುರೋಹಿತನಿಗೆ ಡಯಟ್ಟು ಎಲ್ಲಿಂದ ಬರಬೇಕು? ಮಾಘ ಫಾಲ್ಗುಣದಲ್ಲಿ ದಿನ ಬಿಟ್ಟು ದಿನ ಯಾರದೋ ಮನೆಯಲ್ಲಿ ಎಲೆ ಹಾಕುತ್ತಾರೆ. ಕುರುಡುಮಲೆಯಲ್ಲಿ ದೊಡ್ಡವೆಂಕಟಪ್ಪನವರ ಹೊಸ ಮನೆಯ ಪ್ರವೇಶಕ್ಕೆ ಹೋದಾಗ ಆಚಾರ್ರು ಒಂದೇ ಹೋಳಿಗೆ ತಿಂದು ಎರಡನೆಯದಕ್ಕೆ ಕೈ ಅಡ್ಡ ಹಿಡಿದರು. ಯಜಮಾನರ ಮುಖ ಸಣ್ಣದಾಯಿತು. ಅವರ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸಂಜೆಯೊಳಗೆ ಫೋನು.

ಎತ್ತಿದವಳು ಆಚಾರ್ರ ಹೆಂಡತಿ ಮೃದುಲಾ. ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ಉದ್ದ ಮಾತಿನವಳಲ್ಲ. ಫೋನಿಟ್ಟು ಗಂಡನ ಮುಂದೆ ಬಂದು ನಿಂತಳು.

"ಏನೂಂದ್ರೆ, ವಾಸ್ತುನಲ್ಲಿ ದೋಷ ಇದ್ಯಾ ಅಂತ ಕೇಳ್ತಿದಾರೆ. ಆಚಾರ್ರು ಹೋಳಿಗೆ ಬೇಡ ಅಂದ್ರಂತೆ, ಏನೋ ಕಂಡಿರ್ಬೇಕು ಅಂತ ಮನೆಮಂದಿಯೆಲ್ಲ ಗಾಬರಿ ಬಿದ್ದಿದಾರೆ."

"ದೋಷ ನನ್ನ ಸೊಂಟದಲ್ಲಿದೆ ಅಂತ ಹೇಳು!"

"ಅದನ್ನ ನೀವೇ ಹೇಳಿ."

ಮಾರನೇ ದಿನ ಆಚಾರ್ರು ಹೋಗಿಬರಲು ಹದಿನಾರು ಕಿಲೋಮೀಟರು ಮೊಪೆಡ್ಡು ಓಡಿಸಿ, ದೊಡ್ಡವೆಂಕಟಪ್ಪನವರ ಎದುರಿಗೇ ಎರಡು ತಣ್ಣನೆಯ ಹೋಳಿಗೆ ತಿಂದು ಬಂದರು. ಒಬ್ಬ ಬೌಲರು ಫಿಟ್ನೆಸ್ ಕಾಪಾಡಿಕೊಳ್ಳಲು ಇಷ್ಟು ಪಾಡುಪಟ್ಟಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ಇಷ್ಟೆಲ್ಲ ನಡೆದಿರುವಾಗ, ಶಿವರಾತ್ರಿಯ ಮಾರನೇ ದಿನ, ವೆಂಕಟನ ಪಟ್ಟಿ ಬಂತು.

ವೆಂಕಟ್ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಬದುಕಿನಲ್ಲಿ ಒಂದು ಓವರ್ ಹಾಕಿದವನಲ್ಲ, ಒಂದು ಕ್ಯಾಚ್ ಹಿಡಿದವನಲ್ಲ. ಆದರೆ ಲೀಗಿನ ಫ್ಯಾಂಟಸಿ ಗುಂಪಿಗೆ ಅವನೇ ಅಡ್ಮಿನ್. ವಾಟ್ಸಾಪಿನಲ್ಲಿ ನೂರಾ ಎಂಬತ್ತು ಜನ. ಪ್ರತಿಯೊಬ್ಬರೂ ಎಲ್ಲಾ ತಂಡಗಳಿಂದ ಹನ್ನೊಂದು ಜನರನ್ನು ಆರಿಸಿ ಮನಸ್ಸಿನಲ್ಲೇ ಒಂದು ಟೀಮು ಕಟ್ಟಿಕೊಳ್ಳಬೇಕು. ಒಬ್ಬೊಬ್ಬ ಆಟಗಾರನಿಗೂ ಇಷ್ಟು ಕ್ರೆಡಿಟ್ ಅಂತ ಬೆಲೆ, ಎಲ್ಲ ಸೇರಿ ನೂರು ದಾಟಬಾರದು. ಆಟಗಾರ ಮೈದಾನದಲ್ಲಿ ಚೆನ್ನಾಗಿ ಆಡಿದರೆ ಆರಿಸಿದವನಿಗೆ ಪಾಯಿಂಟು. ದುಡ್ಡಿನ ಮಾತಿಲ್ಲ, ಗೆದ್ದವನಿಗೆ ಉಳಿದವರು ದೋಸೆ ಕೊಡಿಸಬೇಕು. ಯಾರಿಗೆ ಎಷ್ಟು ಕ್ರೆಡಿಟ್ ಅಂತ ತೀರ್ಮಾನಿಸುವವನು ವೆಂಕಟ್, ಒಂದೆರಡು ಸಾಲು ಭವಿಷ್ಯವನ್ನೂ ಅವನೇ ಬರೆಯುತ್ತಾನೆ. ಆಚಾರ್ರ ಹೆಸರಿನ ಮುಂದೆ ಹೀಗೆ ಬರೆದಿದ್ದ:

"ವಯಸ್ಸು ೪೪. ಭುಜ ಡೌಟು. ಹೋದ ವರ್ಷ ಸೆಮಿಫೈನಲ್‌ನಲ್ಲಿ ಒಂದೇ ಓವರಿಗೆ ಮೂರು ಸಿಕ್ಸರ್. ಪೂಜೆ ಚೆನ್ನಾಗಿ ಮಾಡ್ತಾರೆ. ೪ ಕ್ರೆಡಿಟ್. ಹನ್ನೊಂದು ಜನ ಸಾಲದೇ ಬಂದ್ರೆ ಮಾತ್ರ ತಗೊಳ್ಳಿ."

ಇಡೀ ಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಕ್ರೆಡಿಟ್ಟು ಅದೇ. ಹೋದ ವರ್ಷ ಒಂದೂ ಮ್ಯಾಚ್ ಆಡದ ವಿಕೆಟ್ ಕೀಪರನಿಗೂ ಐದಿತ್ತು.

ಆಚಾರ್ರು ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಜೆರಾಕ್ಸ್ ಅಂಗಡಿಗೆ ನಡೆದರು. ಮೊಪೆಡ್ ಮರೆತೇಹೋಗಿತ್ತು.

"ಏನಯ್ಯಾ ಇದು? ಪೂಜೆ ಚೆನ್ನಾಗಿ ಮಾಡ್ತಾರೆ ಅಂದ್ರೆ ಏನರ್ಥ? ಇನ್ನೊಬ್ಬನ ಹೆಸರಿನ ಮುಂದೆ ಟೊಮೇಟೊ ಚೆನ್ನಾಗಿ ಲೋಡ್ ಮಾಡ್ತಾನೆ ಅಂತ ಬರ್ದಿದೀಯಾ?"

"ಸ್ವಾಮಿ, ಅದು ಗೌರವಕ್ಕೆ ಬರ್ದಿದ್ದು. ಕೂತ್ಕೊಳಿ. ಟೀ ಹೇಳ್ಲಾ?"

"ನನ್ನ ಕೈ ಈಗ ಹ್ಯಾಗಿದೆ ಅಂತ ನೋಡಿದೀಯಾ? ಒಂದು ದಿನ ಹಿತ್ತಲಿಗೆ ಬಂದು ನೋಡಿದೀಯಾ?"

"ನೋಡೋದೇನಿದೆ ಸ್ವಾಮಿ, ವಯಸ್ಸು ಇದೆಯಲ್ಲ." ವೆಂಕಟ್ ಮೆಲ್ಲಗೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. "ಅದಿರ್ಲಿ ಸ್ವಾಮಿ. ರಾಯಲ್ಪಾಡ್ ತಂಡದ ಓಪನರ್‌ದು ಪುನರ್ವಸು ನಕ್ಷತ್ರ ಅಂತೆ. ಈ ಸಲ ಅವನಿಗೆ ಗುರುಬಲ ಹೆಂಗಿದೆ? ನನ್ ಪಟ್ಟಿ ಟೀಮಿಗೆ ಅವನನ್ನ ಕ್ಯಾಪ್ಟನ್ ಹಾಕ್ಬೋದಾ?"

ಇದು ನೋಡಿ ಈ ಊರಿನ ಚಾಳಿ! ಆಟಗಾರ ಅಂತ ನಾಲ್ಕು ಕ್ರೆಡಿಟ್ ಕೊಟ್ಟ ಮನುಷ್ಯನ ಹತ್ತಿರವೇ ಉಳಿದ ಆಟಗಾರರ ಜಾತಕ ಕೇಳುವುದು. ನೂರಾ ಎಂಬತ್ತು ಜನರಲ್ಲಿ ಅರ್ಧಕ್ಕರ್ಧ ಜನ ತಮ್ಮ ಟೀಮಿನ ಪಟ್ಟಿ ಹಿಡಿದು ಆಚಾರ್ರ ಜಗಲಿಗೆ ಬಂದವರೇ. ನಿಜ ಹೇಳಬೇಕೆಂದರೆ ಇದರಲ್ಲಿ ಆಚಾರ್ರದ್ದೂ ತಪ್ಪಿತ್ತು. ಬ್ಯಾಟ್ಸ್‌ಮನ್ನನ ಪಾದ ನೋಡಿಯೇ ಅವನು ಏನು ಮಾಡುತ್ತಾನೆ ಅಂತ ಅವರಿಗೆ ಗೊತ್ತಾಗುತ್ತಿತ್ತು. ಮೊದಮೊದಲು ಅದನ್ನೇ ಹೇಳುತ್ತಿದ್ದರು: ಈ ಹುಡುಗನ ಎಡಗಾಲು ಮೊದಲೇ ಮುಂದೆ ಬಿದ್ದುಬಿಡುತ್ತೆ, ಅವನನ್ನು ಬಿಡು. ಯಾರೂ ನಂಬಲಿಲ್ಲ. ಅವನಿಗೆ ಅಷ್ಟಮ ಶನಿ, ಬಿಡು ಅಂದರೆ ತಕ್ಷಣ ಬಿಟ್ಟರು. ಅಂದಿನಿಂದ ಆಚಾರ್ರು ತಮಗೆ ಆಟದಿಂದ ತಿಳಿದದ್ದನ್ನೆಲ್ಲ ಗ್ರಹಗಳ ತಲೆಗೆ ಕಟ್ಟಿ ಹೇಳುತ್ತ ಬಂದಿದ್ದರು. ಹೇಳಿದ್ದು ನಿಜವಾದಾಗಲೆಲ್ಲ ಶನಿಗೆ ಹೆಸರು ಬಂತು, ಬೌಲರಿಗೆ ಬರಲಿಲ್ಲ.

"ಅವನ ಗುರುಬಲ ಅವನ ಬ್ಯಾಟಿನಲ್ಲಿದೆ, ಹೋಗಿ ನೋಡು!" ಅಂದವರೇ ಆಚಾರ್ರು ಟೀ ಕುಡಿಯದೆ ಎದ್ದು ಬಂದರು.

ಆಮೇಲಿನ ದಿನಗಳಲ್ಲಿ ಹಿತ್ತಲಿನ ಅರವತ್ತು ಎಸೆತ ತೊಂಬತ್ತಾಯಿತು. ವೆಂಕಟ್ ಏನು ಬರೆದರೇನು, ತಂಡ ಆರಿಸುವವನು ಸುರೇಶ್ ತಾನೆ ಅಂತ ಅವರಿಗೆ ಧೈರ್ಯ. ಸುರೇಶ್ ಕೋಟೆ ಬೀದಿ ಬಾಯ್ಸ್ ತಂಡದ ಕ್ಯಾಪ್ಟನ್, ಟೊಮೇಟೊ ಮಂಡಿಯಲ್ಲಿ ಹರಾಜು ಕೂಗುವ ಕೆಲಸ. ಬ್ಯಾಟ್ ಹಿಡಿಯುವುದನ್ನು ಕಲಿತದ್ದೇ ಆಚಾರ್ರ ಬಾಲುಗಳಿಗೆ. ಅವನ ಮದುವೆ ಮಾಡಿಸಿದವರೂ ಅವರೇ, ಅವನ ಮಗಳಿಗೆ ಧನಶ್ರೀ ಅಂತ ಹೆಸರು ತೆಗೆದುಕೊಟ್ಟವರೂ ಅವರೇ. ದಾರಿಯಲ್ಲಿ ಸಿಕ್ಕಿದರೆ ಬೈಕು ನಿಲ್ಲಿಸಿ ಕಾಲು ಮುಟ್ಟುವವನು.

ಲೀಗು ಶುರುವಾಗುವ ಭಾನುವಾರಕ್ಕೆ ಎರಡು ದಿನ ಮುಂಚೆ, ಶುಕ್ರವಾರ ಸಂಜೆ, ಅವನು ಮನೆಗೆ ಬಂದ. ಕೈಯಲ್ಲಿ ಹಣ್ಣಿನ ಬುಟ್ಟಿ, ಮೇಲೆ ಒಂದು ಮಡಿಸಿದ ಶಾಲು. ಶಾಲು ಕಂಡ ಕೂಡಲೇ ಮೃದುಲಾ ಒಳಗೆ ಹೋದಳು. ಈ ಸೀಮೆಯಲ್ಲಿ ಶಾಲು ಬರುವುದು ನಿವೃತ್ತಿಯ ಬೀಳ್ಕೊಡುಗೆಗೆ ಅಂತ ಸ್ಕೂಲಿನಲ್ಲಿ ಕೆಲಸ ಮಾಡುವವರಿಗೆ ಗೊತ್ತು.

"ಸ್ವಾಮಿ, ಭಾನುವಾರ ಏಳು ಗಂಟೆಗೆ ಪಿಚ್ ಪೂಜೆ ನೀವೇ ಮಾಡ್ಬೇಕು. ಆಮೇಲೆ ಸ್ಟೇಜ್ ಮೇಲೆ ನಿಮಗೆ ಸನ್ಮಾನ. ಎಂಎಲ್‌ಎ ಕೈಲಿ ಹಾಕಿಸ್ತೀವಿ. ಆಮೇಲೆ ನೀವು ಸ್ಟೇಜ್ ಮೇಲೇ ಕೂತ್ಕೊಂಡು ಮ್ಯಾಚ್ ನೋಡ್ಬೋದು, ಫ್ಯಾನ್ ಇಡಿಸ್ತೀನಿ."

"ಬೌಲಿಂಗು?"

ಸುರೇಶ್ ನೆಲ ನೋಡಿದ. "ರಾಯಲ್ಪಾಡ್ ಕಡೆಯವನೊಬ್ಬ ಫಾಸ್ಟ್ ಬೌಲರ್ ಸಿಕ್ಕಿದಾನೆ ಸ್ವಾಮಿ."

"ನಂಗೆ ಶಾಲು ಹೊದಿಸಿ ಕೂರಿಸ್ತೀಯಾ?"

"ಹಂಗಲ್ಲ ಸ್ವಾಮಿ. ಹೋದ ವರ್ಷ ಆ ಮೂರು ಸಿಕ್ಸ್ ಹೋದಾಗ ಜನ ಏನಂದ್ರು, 'ಅಯ್ನೋರೆ, ಹೋಗಿ ಗಂಟೆ ಬಾರ್ಸಿ' ಅಂತ. ನನ್ ರಕ್ತ ಕುದ್ದೋಯ್ತು. ನಿಮ್ಮನ್ನ ಜನ ಬೈಯೋದು ನಂಗೆ ನೋಡಕ್ಕಾಗಲ್ಲ."

ಹೋದ ವರ್ಷದ ಸೆಮಿಫೈನಲ್ ಏಕಾದಶಿಯ ದಿನ ಬಿದ್ದಿತ್ತು. ಆಚಾರ್ರು ಹಿಂದಿನ ಸಂಜೆಯಿಂದ ಒಂದು ಹನಿ ನೀರು ಮುಟ್ಟಿರಲಿಲ್ಲ. ಏಪ್ರಿಲ್ ಬಿಸಿಲು, ಮಧ್ಯಾಹ್ನ ಎರಡು ಗಂಟೆ, ಬೆರಳು ಜೋಮು ಹಿಡಿದಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ. ಸಿಕ್ಸ್ ಹೋಗಿದ್ದು ಹೋಗಿದ್ದೇ. ಕಾರಣ ಹೇಳುವವನು ಎಂಥ ಬೌಲರು?

"ಸುರೇಶ, ಟೀಮಲ್ಲಿ ಎಲ್ಲರೂ ಬೈಸ್ಕೊಳ್ತಾರೆ. ನೀನು ಬೈಸ್ಕೊಂಡಿಲ್ವಾ? ನಂಗೂ ಬೈಸ್ಕೊಳ್ಳೋ ಹಕ್ಕಿದೆ ಕಣೋ. ಅದನ್ನ ಕಿತ್ಕೊಳ್ಳೋಕೆ ನೀನ್ಯಾರು?"

ಸುರೇಶ್ ಬುಟ್ಟಿಯನ್ನು ಇನ್ನಷ್ಟು ಮುಂದಕ್ಕೆ ಸರಿಸಿದ. ಬಾಗಿಲ ಹತ್ತಿರ ಹೋಗಿ ಚಪ್ಪಲಿ ಮೆಟ್ಟುತ್ತ, ನಾಚಿಕೆಯಿಲ್ಲದೆ ಕೇಳಿದ: "ಸ್ವಾಮಿ, ಭಾನುವಾರ ಟಾಸ್‌ಗೆ ನನ್ ನಕ್ಷತ್ರಕ್ಕೆ ಹೆಡ್ ಒಳ್ಳೇದಾ, ಟೇಲಾ? ಟೀಮ್‌ನಲ್ಲಿ ಏನಾದ್ರೂ ಬದ್ಲಾಯಿಸ್ಬೇಕಾ? ನೀವು ಹೇಳ್ದಂಗೆ ಮಾಡ್ತೀನಿ."

ನೀವು ಹೇಳ್ದಂಗೆ ಮಾಡ್ತೀನಿ! ಒಂದೇ ಮಾತು ಸಾಕಿತ್ತು. ನಿನಗೀಗ ರಾಹು ಕಾಟ, ಹಿರಿಯನೊಬ್ಬ ಬೌಲಿಂಗ್ ಮಾಡದಿದ್ದರೆ ತಂಡಕ್ಕೆ ಕ್ಷೇಮವಿಲ್ಲ ಅಂದಿದ್ದರೆ ಸುರೇಶ್ ಅಲ್ಲೇ ಪಟ್ಟಿ ತಿದ್ದುತ್ತಿದ್ದ, ರಾಯಲ್ಪಾಡಿನವನನ್ನು ವಾಪಸು ಬಸ್ಸು ಹತ್ತಿಸುತ್ತಿದ್ದ. ಮಾತು ಆಚಾರ್ರ ನಾಲಿಗೆಯ ತುದಿಗೆ ಬಂದೂ ಬಂತು. ಅವರು ಅದನ್ನು ನುಂಗಿಕೊಂಡರು. "ನಾಳೆ ಸಾಯಂಕಾಲ ಐದು ಗಂಟೆಗೆ ಗ್ರೌಂಡಿಗೆ ಬಾ. ಬ್ಯಾಟ್ ತಗೊಂಡು ಬಾ" ಅಂದರು, ಅಷ್ಟೇ.

ಅವನು ಹೋದ ಮೇಲೆ ಮೃದುಲಾ ಹೊರಗೆ ಬಂದಳು. "ಊರಿಗೆಲ್ಲ ಶನಿ ರಾಹು ಹೇಳ್ತೀರಿ. ನಿಮಗೋಸ್ಕರ ಒಂದ್ಸಲ ಹೇಳಿದ್ರೆ ಏನಾಗ್ತಿತ್ತು?"

"ಪಂಚಾಂಗ ತೋರ್ಸಿ ಟೀಮಿಗೆ ಸೇರಿದ್ರೆ ಆಗ ಅಲ್ಲಿ ಆಡೋದೂ ಪುರೋಹಿತನೇ ಕಣೇ. ನಾನೆಲ್ಲಿದೀನಿ ಅದ್ರಲ್ಲಿ?"

ಮೃದುಲಾ ಒಳಗೆ ಹೋಗಿ ಎಳ್ಳೆಣ್ಣೆ ಬಿಸಿಗಿಟ್ಟಳು.

ಶನಿವಾರ ಐದು ಗಂಟೆಗೆ ಮೈದಾನದಲ್ಲಿ ಬಿಳಿ ಗೆರೆ ಎಳೆಯುತ್ತಿದ್ದರು. ಶಾಮಿಯಾನದ ಕಂಬ ನಿಂತಿತ್ತು. ತಂಡದವರೆಲ್ಲ ಇದ್ದರು, ಪಟ್ಟಿ ಹಿಡಿದುಕೊಂಡು ವೆಂಕಟ್ ಕೂಡ ಇದ್ದ. ಆಚಾರ್ರು ಟ್ರ್ಯಾಕ್ ಪ್ಯಾಂಟಿನಲ್ಲಿ ಬಂದು, ಶಾಲನ್ನು ತಂದು ಸುರೇಶನ ಬೈಕಿನ ಸೀಟಿನ ಮೇಲಿಟ್ಟರು.

"ಆರು ಬಾಲ್. ಮೂರು ಬೌಂಡ್ರಿ ಹೊಡಿ, ನಾನೇ ಈ ಶಾಲು ಹೊದ್ಕೊಂಡು ಹೋಗಿ ಫ್ಯಾನಿನ ಕೆಳಗೆ ಕೂತ್ಕೊತೀನಿ, ಇನ್ನು ಬಾಲ್ ಮುಟ್ಟಲ್ಲ. ಹೊಡೀಲಿಲ್ಲ ಅಂದ್ರೆ ನಾಳೆ ನಾನು ಆಡ್ಬೇಕು. ನಕ್ಷತ್ರ ಗಿಕ್ಷತ್ರ ಏನಿಲ್ಲ."

ಸುರೇಶ್ ಒಲ್ಲದ ಮನಸ್ಸಿನಿಂದ ಬ್ಯಾಟ್ ಹಿಡಿದು ನಿಂತ. ಮೊದಲನೆಯ ಬಾಲನ್ನು ಮೆತ್ತಗೆ ತಡೆದ. ಎರಡನೆಯದು ಆಚಾರ್ರ ಬೆರಳಿನಿಂದ ಜಾರಿತು. ಎಲ್ಲೂ ತಿರುಗದೆ, ನೆಟ್ಟಗೆ, ಎಂಥವನೂ ಎತ್ತಿ ಹೊಡೆಯಬಹುದಾದ ಬಾಲು. ಸುರೇಶನ ಪಾದ ಅಲುಗಲಿಲ್ಲ. ಬ್ಯಾಟು ಬೇಕೆಂದೇ ತಡವಾಗಿ ಬಂತು. ಸ್ಟಂಪು ಉರುಳಿತು.

"ಔಟ್! ಸೂಪರ್ ಬಾಲ್ ಸ್ವಾಮಿ!" ಸುರೇಶ್ ಬ್ಯಾಟು ಕಂಕುಳಲ್ಲಿಟ್ಟು ಚಪ್ಪಾಳೆ ತಟ್ಟಿದ. ತಂಡದವರೂ ತಟ್ಟಿದರು. ವೆಂಕಟ್ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಆಚಾರ್ರ ಮೈಯೆಲ್ಲ ಉರಿದುಹೋಯಿತು. ಮೂರು ಸಿಕ್ಸರಿಗೆ ಆಗದ ಅವಮಾನ, ನಾಲ್ಕು ಕ್ರೆಡಿಟ್ಟಿಗೆ ಆಗದ ಅವಮಾನ ಈ ಚಪ್ಪಾಳೆಗೆ ಆಯಿತು. ಪಿಚ್ಚಿನ ಅರ್ಧದವರೆಗೂ ನಡೆದು ಬಂದರು.

"ಸತ್ತೋರಿಗೆ ಪಿಂಡ ಇಟ್ಟಂಗೆ ನಂಗೆ ವಿಕೆಟ್ ಇಡ್ತೀಯೇನೋ? ನಿನ್ನ ಪಾದ ನೋಡೋಕೆ ಬರಲ್ವಾ ನಂಗೆ? ಹೋದ ವರ್ಷ ಮೂರು ಸಿಕ್ಸ್ ಹೊಡೆದ್ನಲ್ಲ, ಅವನು ನೋಡು ನಂಗೆ ಮರ್ಯಾದೆ ಕೊಟ್ಟವನು! ನೀನಲ್ಲ. ಇದು ಲೆಕ್ಕಕ್ಕಿಲ್ಲ. ಹೊಡೀಬೇಕು ಅಂದ್ರೆ ಹೊಡಿ, ಇಲ್ಲ ಬ್ಯಾಟ್ ಬಿಸಾಕಿ ಮಂಡಿಗೆ ಹೋಗು!"

ತನ್ನ ತಂಡದವರೆಲ್ಲರ ಮುಂದೆ ಹೀಗೆ ಅನ್ನಿಸಿಕೊಂಡ ಸುರೇಶನ ಕಿವಿ ಕೆಂಪಾಯಿತು. ಎರಡನೆಯ ಬಾಲನ್ನು ಮತ್ತೆ ಹಾಕಿದರು. ಈ ಸಲ ಅವನ ಪಾದ ಎದ್ದಿತು. ಬಾಲು ಕಾಂಪೌಂಡು ದಾಟಿ ರಸ್ತೆಯಲ್ಲಿ ನಿಂತಿದ್ದ ಆಟೋದ ಮೇಲೆ ಬಿತ್ತು. "ಹಾಂ!" ಅಂದರು ಆಚಾರ್ರು, ತಾವೇ ಹೊಡೆದ ಹಾಗೆ. ಮೂರನೆಯದು ಶಾಮಿಯಾನದ ಕಂಬದ ಪಕ್ಕದಲ್ಲಿ ಗೆರೆ ದಾಟಿತು. ಇನ್ನೊಂದು ಹೋದರೆ ಮುಗಿಯಿತು, ಇಪ್ಪತ್ತಾರು ವರ್ಷವೂ ಮುಗಿಯಿತು. ಭುಜ ಸುಡುತ್ತಿತ್ತು. ನಾಲ್ಕನೆಯದನ್ನು ಚುರುಕಾಗಿ ಹಾಕಿದರು, ಸುರೇಶ್ ಬೀಸಿದ, ತಪ್ಪಿತು. ಐದನೆಯದು ಬ್ಯಾಟಿನ ಅಂಚಿಗೆ ತಗುಲಿ ಅಲ್ಲೇ ಬಿತ್ತು. ಈಗ ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ಗೆರೆ ಎಳೆಯುತ್ತಿದ್ದವರು ಡಬ್ಬ ಕೆಳಗಿಟ್ಟಿದ್ದರು. ಸುರೇಶ್ ಹಲ್ಲು ಕಚ್ಚಿಕೊಂಡಿದ್ದ. ಅವನ ಕಣ್ಣಿಗೆ ಈಗ ಸ್ವಾಮಿಯೂ ಇಲ್ಲ, ಮದುವೆ ಮಾಡಿಸಿದವರೂ ಇಲ್ಲ, ಬಾಲು ಒಂದೇ.

ಆರನೆಯದನ್ನು ಆಚಾರ್ರು ಎತ್ತರಕ್ಕೆ ತೇಲಿಬಿಟ್ಟರು. ಸಿಕ್ಕಿತು ಅಂತ ಸುರೇಶ್ ಎರಡು ಹೆಜ್ಜೆ ಮುಂದೆ ಹಾರಿ ಬಂದು ಮೈಯೆಲ್ಲ ಬಿಟ್ಟು ಬೀಸಿದ. ಬಾಲು ಅವನು ಎಣಿಸಿದ್ದಕ್ಕಿಂತ ಒಂದು ಅಡಿ ಮೊದಲೇ ಬಿತ್ತು, ಯಾವತ್ತೂ ತಿರುಗುವ ಕಡೆ ತಿರುಗದೆ ಒಳಕ್ಕೆ ನುಗ್ಗಿತು. ಬ್ಯಾಟಿಗೂ ಕಾಲಿಗೂ ನಡುವೆ ಹೋಗಿ ಸ್ಟಂಪನ್ನು ಬೇರುಸಮೇತ ಕಿತ್ತಿತು.

ಸುರೇಶ್ ಬ್ಯಾಟನ್ನು ನೆಲಕ್ಕೆ ಅಪ್ಪಳಿಸಿದ.

"ನೀ ಯಬ್ಬ! ಏನ್ ಬಾಲಯ್ಯಾ ಅದು, ಥೂ ನಿನ್ನ!"

ಈ ಕಡೆಯವರಿಗೆ ನಿಜವಾದ ಸಿಟ್ಟು ಬಂದರೆ ಬಾಯಿಗೆ ತೆಲುಗೇ ಬರುವುದು, ಅದೂ ಅಪ್ಪನನ್ನು ಎಳೆದು ತಂದು ಬೈಯುವ ತೆಲುಗು. ವೆಂಕಟ್ ನಾಲಿಗೆ ಕಚ್ಚಿಕೊಂಡ. ತಾನು ಯಾರಿಗೆ ಏನು ಅಂದೆ ಅಂತ ಸುರೇಶನಿಗೆ ಆಮೇಲೆ ಹೊಳೆಯಿತು. ಮುಖ ಬಿಳಿಚಿಕೊಂಡು, ಎರಡೂ ಕೈ ಮೆಲ್ಲಗೆ ಜೋಡಿಸಲು ಹೊರಟ.

"ಕೈ ಮುಗಿದ್ರೆ ನೋಡು!" ಆಚಾರ್ರು ಗುಡುಗಿದರು.

ಸುರೇಶನ ಕೈ ಅಲ್ಲೇ ನಿಂತಿತು. ಒಂದು ಗಳಿಗೆ ಅವರನ್ನು ನೋಡಿದ, ಬಿದ್ದ ಸ್ಟಂಪನ್ನು ನೋಡಿದ. ಬಗ್ಗಿ ಸ್ಟಂಪನ್ನು ತಾನೇ ಎತ್ತಿ ನೆಟ್ಟ. "ವೆಂಕಟ್, ಬರ್ಕೊ. ಇವ್ರು ಆಡ್ತಾರೆ" ಅಂದ. ಆಮೇಲೆ ಬ್ಯಾಟನ್ನು ನೆಲಕ್ಕೆ ಕುಟ್ಟುತ್ತ, ಇನ್ನೂ ಇಳಿಯದ ಸಿಟ್ಟಿನಲ್ಲಿ ಕೂಗಿದ: "ಇನ್ನೊಂದ್ ಹಾಕಯ್ಯಾ ಅದೇ ಬಾಲು! ಹೊಡೀಲಿಲ್ಲ ಅಂದ್ರೆ ಕೇಳು!"

ಹೋದ ವರ್ಷ ಜನ ಬೈದದ್ದು ಪುರೋಹಿತನನ್ನು. ಇವತ್ತು ಸುರೇಶ್ ಬೈದದ್ದು ಬಾಲು ಹಾಕಿದವನನ್ನು. ಸಂಕರ್ಷಣಾಚಾರ್ರು ಬಾಲು ಎತ್ತಿಕೊಂಡು, ಯಾರಿಗೂ ಮುಖ ಕಾಣದ ಹಾಗೆ ಬೇಗಬೇಗ ಹಿಂದಕ್ಕೆ ನಡೆದು, ತಮ್ಮ ಬೌಲಿಂಗ್ ಗುರುತಿನ ಹತ್ತಿರ ತಿರುಗಿ ನಿಂತರು.